ನಾಯಿ ಹಾಯುವಷ್ಟು ಸಂದು

ನಕ್ಷೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಕಾಲದಲ್ಲಿ ಮನೆಗಳನ್ನು ಹೇಗೆ ಡಿಸೈನ್ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ಆ ಮಾತೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಸುತ್ತಮುತ್ತ ಬುಡದಿಂದ ಹೊಸ ಮನೆ ಕಟ್ಟಿಸುವವರು ಬೆರಳೆಣಿಕೆಯಷ್ಟು. ಉಳಿದವರು ಅಜ್ಜನ ಕಾಲದ ಮನೆಯನ್ನೇ ಒಡೆದು, ಕೂಡಿಸಿ, ತಿರುಗಿಸಿ ಅದರಲ್ಲೇ ಇನ್ನೊಂದು ತಲೆಮಾರು ದೂಡಲು ನೋಡುತ್ತಿದ್ದರು. ಬಾಗಿಲು ಇತ್ತ ತಿರುಗಿಸು, ಗೋಡೆ ಅತ್ತ ಸರಿಸು, ಮಣ್ಣಿನ ಮಾಳಿಗೆ ಇಳಿಸಿ ಕಲ್ಲು ಚಪ್ಪಡಿ ಹೊದಿಸು. ನಮ್ಮ ವಿದ್ಯೆಯೆಲ್ಲ ಇಷ್ಟೇ. ಇಷ್ಟನ್ನು ಕಲಿಯುವುದರಲ್ಲೇ ನನ್ನ ತಲೆಗೂದಲು ಅರ್ಧ ಉದುರಿತು.

ಇಲ್ಲಿ ಬರೆಯುತ್ತಿರುವುದು ಬಹುಪಾಲು ಒಂದೇ ಕೆಲಸದ ಸಂಗತಿ. ಹಿರಿಯೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಬಸುರಿ ಹೆಂಗಸೊಬ್ಬಳಿಗೆ ಹೆರಲು ಒಂದು ಕೋಣೆ ಬೇಕಾಗಿತ್ತು. ಅದನ್ನು ಮನೆಗೆ ಸೇರಿಸಿ ಕಟ್ಟುವ ಹಾಗಿರಲಿಲ್ಲ, ಮನೆಯಿಂದ ದೂರ ಕಟ್ಟಿದರೆ ಪ್ರಯೋಜನವಿರಲಿಲ್ಲ. ಅದನ್ನು ಹೇಳುವ ಮೊದಲು ನನ್ನ ಮೇಲಿನವರ ಬಗ್ಗೆ, ನಾನು ಬಿದ್ದ ಒಂದೆರಡು ಹಳ್ಳಗಳ ಬಗ್ಗೆ ಹೇಳಬೇಕು. ಇಲ್ಲದಿದ್ದರೆ ಅದು ನಿಮಗೆ ಅರ್ಥವಾಗುವುದಿಲ್ಲ.

ಸರ್ಕಾರಿ ಕೆಲಸ ಬಿಟ್ಟು ಚಿತ್ರದುರ್ಗದಲ್ಲಿ ಸ್ವಂತ ಆಫೀಸು ತೆರೆದಿದ್ದ ಒಬ್ಬ ಇಂಜಿನಿಯರ್ ಹತ್ತಿರ ನಾನಿದ್ದೆ. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಬಟ್ಟೆಯಂಗಡಿಯ ಮೇಲಿನ ಮಹಡಿ, ಎರಡು ಇಳಿಜಾರು ಮೇಜು, ಗೋಡೆಗೆ ನೇತುಹಾಕಿದ ಅಳತೆಪಟ್ಟಿಗಳು. ನಕ್ಷೆಯ ಪ್ರತಿ ತೆಗೆಯಬೇಕಾದರೆ ಅದನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ತಾರಸಿಯ ಬಿಸಿಲಿಗೆ ಒಡ್ಡುತ್ತಿದ್ದೆವು. ಮೋಡ ಕವಿದರೆ ಆಫೀಸಿಗೆ ಅರ್ಧ ರಜೆ. ಸಾಹೇಬರು ಎಳೆದ ಗೆರೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿರುತ್ತಿತ್ತು. ಬಾಯಿ ಮಾತ್ರ ಬರೀ ಖಾರ. ಜಾಗ ನೋಡಲು ಹೋಗಬೇಕು ಎಂದರೆ ಅವರಿಗೆ ಅದೇ ಹೊತ್ತಿಗೆ ತಲೆನೋವು ಬರುತ್ತಿತ್ತು. ಹೀಗಾಗಿ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ಟೇಪು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದವನು ನಾನೇ. ಅಲ್ಲಿಯವರು ಕೇಳಿದ್ದನ್ನು ಕೇಳಿಸಿಕೊಂಡು ಬರಬೇಕು, ನನ್ನ ಬುದ್ಧಿಯನ್ನು ಅಲ್ಲಿ ಖರ್ಚು ಮಾಡಕೂಡದು ಎಂಬುದು ಅವರ ಕಟ್ಟಪ್ಪಣೆ.

ಹೊಸದುರ್ಗದಲ್ಲಿ ಅಣ್ಣತಮ್ಮಂದಿರಿಬ್ಬರು ಬೇರೆಯಾದರು. ನಡುಮನೆಯಿಂದ ಅಡುಗೆಮನೆಯವರೆಗೆ ಅಡ್ಡಲಾಗಿ ಒಂದು ಗೋಡೆ ಎಳೆದುಕೊಡಿ ಎಂದರು. ನಾನು ಕಂಬದಿಂದ ಕಂಬಕ್ಕೆ ನೆಟ್ಟಗೆ ಗೆರೆ ಎಳೆದೆ, ಸಾಹೇಬರು ಸಹಿ ಹಾಕಿದರು, ಮೇಸ್ತ್ರಿ ಪಾಯ ತೋಡಲು ಹೋದರೆ ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲು ಸರಿಯಾಗಿ ಗೆರೆಯ ಮೇಲೆ ಬಂದಿತ್ತು. ಅದನ್ನು ಕೀಳಬಾರದು, ಅತ್ತೆ ಹೂಳಿಸಿದ್ದು ಎಂದು ಇಬ್ಬರು ಸೊಸೆಯರೂ ಪಟ್ಟು ಹಿಡಿದರು. ಅವರಿಬ್ಬರೂ ಒಂದೇ ಮಾತು ಆಡಿದ್ದು ಆ ಮನೆಯಲ್ಲಿ ಅದೇ ಮೊದಲು ಎಂದು ನೆರೆಯವರು ನಕ್ಕರು. ಕೊನೆಗೆ ಗೋಡೆಯಲ್ಲಿ ಒರಳಿನ ಮೇಲೊಂದು ಕಂಡಿ ಬಿಟ್ಟು ಕಟ್ಟಿಸಿದೆವು. ಬೆಳಿಗ್ಗೆ ಹಿರಿಯವಳು ಈ ಕಡೆಯಿಂದ ರುಬ್ಬುವುದು, ಆಮೇಲೆ ಕಿರಿಯವಳು ಆ ಕಡೆಯಿಂದ. ಒಬ್ಬರ ಕೈಬಳೆ ಇನ್ನೊಬ್ಬರಿಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹಾಗೇ ವರ್ಷಗಳು ಕಳೆದವಂತೆ. ಗೋಡೆ ಎಳೆಯುವ ಮೊದಲು ನೆಲ ನೋಡಬೇಕು ಎಂದು ಅವತ್ತು ಗೊತ್ತಾಯಿತು.

ಹೊಳಲ್ಕೆರೆಯಲ್ಲಿ ಇನ್ನೊಂದು ಮನೆ. ಯಜಮಾನರು ಓದಿದವರು, ಪೇಟೆಯಲ್ಲಿ ಹೆಸರಿದ್ದವರು. ಹಿತ್ತಿಲ ಮೂಲೆಯಲ್ಲಿ ಒಂದು ಸಣ್ಣ ಕೋಣೆ ಬೇಕೆಂದರು. ಯಾಕೆ ಎಂದು ಕೇಳಿದ್ದಕ್ಕೆ ಮುಖ ಆ ಕಡೆ ತಿರುಗಿಸಿಕೊಂಡರು. ಮನೆಯ ಹೆಂಗಸರು ತಿಂಗಳಿಗೆ ಮೂರು ದಿನ ಕೂರುವುದಕ್ಕೆ ಎಂದು ಆಮೇಲೆ ಆಳು ಹೇಳಿದ. ನಮ್ಮಲ್ಲಿ ಅದಕ್ಕೆ ಹೊರಗೆ ಕೂರುವುದು ಎಂದೇ ಮಾತು. ನಮ್ಮ ಮನೆಯಲ್ಲೂ ನಮ್ಮವ್ವ ಹಿತ್ತಿಲ ಬಾಗಿಲ ಆಚೆ ಗೋಣಿತಾಟು ಹಾಸಿಕೊಂಡು ಕೂತಿದ್ದನ್ನು ನೋಡಿಯೇ ನಾನು ಬೆಳೆದವನು. ಆದ್ದರಿಂದ ಮುಂದೆ ನಾನು ಹೇಳುವ ಹಟ್ಟಿಯವರನ್ನು ನೋಡಿ ಯಾರೂ ಮೂಗು ಮುರಿಯುವುದು ಬೇಡ. ಪೇಟೆಯವರು ಮೂರು ದಿನ ಮಾಡುತ್ತಿದ್ದುದನ್ನು ಅವರು ಮುಚ್ಚುಮರೆಯಿಲ್ಲದೆ, ಬಾಣಂತಿತನಕ್ಕೂ ಸೇರಿಸಿ, ಊರ ಕಟ್ಟಳೆಯಾಗಿ ಮಾಡುತ್ತಿದ್ದರು. ವ್ಯತ್ಯಾಸವೇನೆಂದರೆ, ಹೊಳಲ್ಕೆರೆಯ ಆ ಕೋಣೆಗೆ ಹೆಂಚಿತ್ತು.

ಕರಿಯಣ್ಣ ನಮ್ಮ ಆಫೀಸಿಗೆ ಬಂದಿದ್ದು ಬೇಸಿಗೆಯ ಶುರುವಿನಲ್ಲಿ. ಧರ್ಮಪುರ ಮತ್ತು ಹಿರಿಯೂರಿನ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರು. ಧರ್ಮಪುರದ ಕಡೆಯ ಒಂದು ಹಟ್ಟಿಯವನು. ಅವರದು ಕುರಿ ಸಾಕುವ ಮನೆತನ, ಸ್ವಲ್ಪ ಶೇಂಗಾ ಬೆಳೆಯುವ ಹೊಲ. ಖಾಕಿ ಅಂಗಿಯಲ್ಲೇ ಮಹಡಿ ಹತ್ತಿ ಬಂದು ನಿಂತ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ನಮ್ಮಲ್ಲಿ ಹೆರಿಗೆ ಮನಿಯಾಗ ಆಗಂಗಿಲ್ಲ ಸಾರ್, ದೇವ್ರ ಪೆಟ್ಗೆ ಐತೆ, ಮೈಲ್ಗೆ ಆಗ್ತೈತೆ. ಹಟ್ಟಿಯಿಂದಾಚೆ ಗುಡ್ಲು ಹಾಕ್ತಾರೆ, ಅಲ್ಲೇ ಹೆರ್ಬೇಕು, ಅಲ್ಲೇ ಇರ್ಬೇಕು. ನನ್ನೆಂಡ್ತಿ ಎಲ್ಡು ಸಲ ಅಲ್ಲೇ ಹೆತ್ಲು. ಎಲ್ಡೂ ಉಳೀಲಿಲ್ಲ. ಈಗ ಮತ್ತೆ ಬಸ್ರು. ಮನೆ ಮಗ್ಗುಲಾಗೆ ಒಂದು ಕೋಣೆ ಬೇಕು ಸಾರ್. ಹೊರಗೂ ಇರ್ಬೇಕು, ಮಳೀನೂ ಬೀಳಬಾರ್ದು."

ಸಾಹೇಬರು ತಲೆಯೆತ್ತಿ ಅವನನ್ನು ನೋಡಿದರು. ಅವರ ಬಾಯಿಂದ ಏನಾದರೂ ಖಾರದ ಮಾತು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಹೋಗಿ ಅಳತೆ ಮಾಡಿಕೊಂಡು ಬಾ ಎಂದು ನನಗೆ ಕಣ್ಣಲ್ಲೇ ಹೇಳಿದರು.

ಬಸ್ಸಿಳಿದು ಜಾಲಿಗಿಡಗಳ ನಡುವೆ ನಡೆದು ಹಟ್ಟಿ ಸೇರಿದೆ. ಸುತ್ತ ಮುಳ್ಳಿನ ಬೇಲಿ, ಒಳಗೆ ಕುರಿರೊಪ್ಪಗಳು, ಕಲ್ಲುಗೋಡೆಯ ಗಿಡ್ಡ ಮನೆಗಳು. ಮೇಲೆ ತೊಲೆ ಜಂತೆ ಜೋಡಿಸಿ, ನೀರು ಇಳಿಯದ ಕರಲುಮಣ್ಣು ಹಾಕಿದ ಮಾಳಿಗೆ. ಬೇಲಿಯ ಆಚೆ, ಒಂದು ಹುಣಸೆಮರದ ಅತ್ತಕಡೆ ಆ ಗುಡ್ಲು ಇತ್ತು. ಕರಿಯಣ್ಣ ಬೇಡವೆಂದರೂ ಹೋಗಿ ನೋಡಿದೆ. ಗರಿ ಹೊದಿಸಿದ ನಾಲ್ಕು ಗೂಟ. ಬಗ್ಗಿ ಒಳಗೆ ಹೋಗಬೇಕು, ಒಳಗೆ ನೆಟ್ಟಗೆ ಕೂರಲೂ ಆಗದು. ನೆಲ ಸುತ್ತಲಿನ ಬಯಲಿಗಿಂತ ತಗ್ಗಾಗಿತ್ತು. ಮಳೆ ಬಂದರೆ ನೀರು ಎಲ್ಲಿಗೆ ಹರಿದು ಬರುತ್ತದೆ ಎಂದು ಹೇಳಲು ನಕ್ಷೆಗಾರನೇ ಬೇಕಾಗಿರಲಿಲ್ಲ. ಹೊರಗೆ ಬಂದು ಮುಖ ಒರೆಸಿಕೊಂಡೆ. ಸೆಕೆಗೆ ಎಂದುಕೊಂಡಿರಬೇಕು ಕರಿಯಣ್ಣ.

ಅವನ ಹೆಂಡತಿ ಚಿತ್ತಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಾತು ಕಡಿಮೆ, ನೋಟ ನೇರ. ಮಾತೆಲ್ಲ ಅತ್ತೆ ಈರಮ್ಮನದು. ಎಲ್ಲರೂ ಹೇಳುವಂಥ ಅತ್ತೆಯಲ್ಲ ಆಕೆ. ಕೋಣೆ ಬೇಕೆಂದು ಮಗನ ಬೆನ್ನು ಹತ್ತಿ ಚಿತ್ರದುರ್ಗಕ್ಕೆ ಅಟ್ಟಿದವಳೇ ಆಕೆ. ಎರಡು ಮೊಮ್ಮಕ್ಕಳನ್ನು ತನ್ನ ಸೆರಗಿನಲ್ಲಿ ಸುತ್ತಿ ಮಣ್ಣಿಗೆ ಕೊಟ್ಟವಳು.

ಕೋಣೆಯ ಮಾತು ಹಟ್ಟಿಯ ಯಜಮಾನರ ಮುಂದೆ ಹೋಯಿತು. ದೊಡ್ಡೀರಪ್ಪ ಎಂದು ಹೆಸರು. ಮುದುಕರು, ತೆಳ್ಳಗೆ, ಹೆಗಲ ಮೇಲೆ ಕಂಬಳಿ. ಅವರು ಬೇಡ ಎನ್ನುತ್ತಾರೆ ಎಂದುಕೊಂಡು ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೇಡ ಎನ್ನಲಿಲ್ಲ. ಕಟ್ಟಳೆ ಮುರಿಯದ ಹಾಗೆ ಆಗುವುದಾದರೆ ಕಟ್ಟಿರಿ, ಮಕ್ಕಳು ಸಾಯಲಿ ಎಂದು ನಮಗೇನೂ ಆಸೆಯಿಲ್ಲ ಎಂದರು. ನಾನು ಮೊದಲು ಬರೆದದ್ದು ಮನೆಯ ಹಿಂಗೋಡೆಗೆ ಒರಗಿಸಿದ ಕೋಣೆ, ಅದಕ್ಕೆ ಹೊರಗಿನಿಂದ ಬೇರೆ ಬಾಗಿಲು. ಯಜಮಾನರು ನೆಲದ ಮೇಲೆ ಕೋಲಿನಿಂದ ಗೀಚಿ ತೋರಿಸಿದರು. ಎರಡರ ಜಂತೆಯೂ ಒಂದೇ ಗೋಡೆಯ ಮೇಲೆ ಕೂತರೆ ಎರಡೂ ಒಂದೇ ಮನೆ. ಬಾಗಿಲು ಎಲ್ಲಿ ಬೇಕಾದರೂ ಇರಲಿ. ಹಾಗಾದರೆ ಗೋಡೆಯನ್ನೇ ಬೇರೆ ಮಾಡೋಣ, ನಡುವೆ ಜಾಗ ಬಿಡೋಣ ಎಂದೆ. ಎಷ್ಟು ಜಾಗ ಎಂಬುದರ ಮೇಲೆ ಅವತ್ತೆಲ್ಲ ಚರ್ಚೆ. ಒಂದು ಗೇಣು ಸಾಕೆಂದು ಕರಿಯಣ್ಣ, ಒಂದು ಮಾರು ಬೇಕೆಂದು ಇನ್ನೊಬ್ಬರು. ಒಂದು ಮಾರು ಬಿಟ್ಟರೆ ಕೋಣೆ ಪಕ್ಕದವರ ರೊಪ್ಪದೊಳಕ್ಕೆ ಹೋಗುತ್ತಿತ್ತು. ಆಗ ಯಜಮಾನರು ತೀರ್ಮಾನ ಹೇಳಿದರು.

"ನಾಯಿ ಹಾಯೋಷ್ಟು ಬಿಡ್ರಿ ಸ್ವಾಮಿ. ನಾಯಿ ಹಾದ್ರೆ ಅದು ದಾರಿ. ದಾರಿ ಅಂದ್ಮ್ಯಾಲೆ ಅದು ಹೊರಗೆ. ಹೊರಗು ದಾಟಿ ಇರೋದು ನಮ್ಮ ಮನಿ ಅಲ್ಲ."

ನನಗೆ ಸಂತೋಷವಾಯಿತು ಎಂದು ಹೇಳಲು ನಾಚಿಕೆಯಿಲ್ಲ. ನಾನು ಓದಿದ್ದ ಯಾವ ಪುಸ್ತಕದಲ್ಲೂ ಒಳಗು ಹೊರಗನ್ನು ಇಷ್ಟು ಚೊಕ್ಕಟವಾಗಿ ಹೇಳಿರಲಿಲ್ಲ. ಆಫೀಸಿಗೆ ಬಂದು ಸಾಹೇಬರಿಗೆ ಹೇಳಿದೆ. ಸಂದಿಗೆ ನಾಯಿ ಸಂದು ಎಂದು ನಕ್ಷೆಯಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದೇ ಅಪರೂಪ. ಕೋಣೆಯ ಗೋಡೆಯಲ್ಲಿ, ಮನೆಯ ಒಲೆಯ ಎದುರಿಗೆ ಬರುವಂತೆ, ಒಂದು ಸಣ್ಣ ಕಿಟಕಿಯನ್ನು ಅವರೇ ತಮ್ಮ ಪೆನ್ಸಿಲ್ಲಿನಿಂದ ಗುರುತು ಮಾಡಿದರು. ಮನೆಯ ಕಡೆಯೂ ಅದರ ಎದುರಿಗೊಂದು. ಒಲೆಯ ಮುಂದೆ ಕೂತವರಿಗೆ ಬಾಣಂತಿ ಕಾಣಲಿ, ಬಿಸಿನೀರಿನ ಚೆಂಬು ಕೈಯಿಂದ ಕೈಗೆ ಎಟುಕಲಿ ಎಂದು. ಜಾಗ ನೋಡದೆ ಅವರು ಬರೆದ ಗೆರೆಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಸಿಮೆಂಟು ಆಗ ಪರ್ಮಿಟ್ ಇಲ್ಲದೆ ಸಿಗುತ್ತಿರಲಿಲ್ಲ. ಸುಣ್ಣದ ಗಾರೆಯಲ್ಲೇ ಗೋಡೆ ಎಬ್ಬಿಸಿದೆವು. ಮೇಲೆ ಜಂತೆಯ ಬದಲು ಕಲ್ಲು ಚಪ್ಪಡಿ, ಅದರ ಸಂದುಗಳಿಗೆ ಗಾರೆ, ಅದರ ಮೇಲೆ ತೆಳ್ಳಗೆ ಕರಲುಮಣ್ಣು. ಚಪ್ಪಡಿಯ ಕೆಲಸ ಆ ಹಟ್ಟಿಗೇ ಹೊಸದು. ನೋಡಲು ಅಕ್ಕಪಕ್ಕದ ಹಟ್ಟಿಗಳಿಂದ ಜನ ಬರುತ್ತಿದ್ದರು. ಚಪ್ಪಡಿಯ ಓಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಸರಿಯಿದೆಯೇ ಎಂದು ನಾನು ಕೊಡಗಟ್ಟಲೆ ನೀರು ಸುರಿಸಿ ನೋಡಿದೆ. ಹಳ್ಳಿಯ ಕೆಲಸ ತಾನೇ ಎಂದು ಒಂದು ಕಲ್ಲನ್ನೂ ಅಡ್ಡಾದಿಡ್ಡಿ ಇಡಲು ಬಿಡಲಿಲ್ಲ. ನೆಲವನ್ನು ಮನೆಯ ನೆಲಕ್ಕಿಂತ ಎತ್ತರ ಮಾಡಿಸಿದೆ. ಚಿತ್ತಮ್ಮ ಒಂದು ದಿನ ಒಳಗೆ ಬಂದು ನೆಲದ ಮೇಲೆ ಅಂಗೈ ಊರಿ, ಗೋಡೆಗೆ ಬೆನ್ನು ಕೊಟ್ಟು ಕೂತು ನೋಡಿದಳು. ಎದ್ದು ಹೋಗುವಾಗ ಬಾಗಿಲ ಚೌಕಟ್ಟನ್ನು ಮೆಲ್ಲಗೆ ತಟ್ಟಿದಳು.

ಮಳೆಗಾಲಕ್ಕೆ ಮೊದಲೇ ಕೋಣೆ ಮುಗಿಯಿತು. ಮುಗಿದ ದಿನ ನನ್ನನ್ನೂ ಮೇಸ್ತ್ರಿಯನ್ನೂ ಊಟಕ್ಕೆ ಕರೆದರು. ಈರಮ್ಮ ಹೊಸ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಕೋಣೆಯ ನಡುವೆ ಮೂರು ಕಲ್ಲು ಹೂಡಿ ಹಾಲು ಉಕ್ಕಿಸಿದಳು. ಹೊಸ ಗೋಡೆ ಎದ್ದಲ್ಲಿ ಹಾಲು ಉಕ್ಕಿಸುವುದು ಎಲ್ಲರೂ ಮಾಡುವುದೇ. ಹಾಲು ಕಾಣದ ಗೋಡೆಗಳ ನಡುವೆ ಮೊಮ್ಮಗು ಕಣ್ಣು ಬಿಡುವುದು ಬೇಡ ಎಂಬುದು ಆಕೆಯ ಆಸೆ. ಹಾಲು ಮೂಡಲ ದಿಕ್ಕಿಗೆ ಉಕ್ಕಿತು, ಒಳ್ಳೆಯದಾಗುತ್ತದೆ ಎಂದು ಹೆಂಗಸರು ಹೇಳಿದರು. ಅದೇ ಹಾಲಿನ ಪಾಯಸವನ್ನು ನಾವೆಲ್ಲ ಉಂಡೆವು. ಯಜಮಾನರೂ ಉಂಡು, ಕೈ ತೊಳೆದು, ಚಪ್ಪಡಿಯನ್ನು ಹೊಗಳಿ ಹೋದರು. ಅವತ್ತು ಅಲ್ಲಿದ್ದ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಮೊದಲ ದೊಡ್ಡ ಮಳೆಗಳು ಬಿದ್ದ ಮೇಲೆ ಕೋಣೆ ಸೋರುತ್ತಿದೆಯೇ ನೋಡಿಕೊಂಡು ಬರಲು ಹೋದೆ. ಹೊಸ ರೀತಿಯ ಚಪ್ಪಡಿ ಹೊದಿಸಿದ ಮೇಲೆ ಒಂದು ಮಳೆಗಾಲ ಅದನ್ನು ಗಮನಿಸುತ್ತಿರುವುದು ನಮ್ಮ ಆಫೀಸಿನ ಪದ್ಧತಿ. ಮಧ್ಯಾಹ್ನದ ಬಸ್ಸಿನಿಂದ ಇಳಿದೆ. ದಾರಿಯುದ್ದಕ್ಕೂ ಮಳೆ. ಕೋಣೆಯ ಒಳಗೆ ಹೋಗಿ ಮೇಲೆ ನೋಡಿದೆ, ಗೋಡೆ ಮುಟ್ಟಿ ನೋಡಿದೆ. ಒಂದು ಹನಿ ಇಳಿದಿರಲಿಲ್ಲ. ನಾನು ಹೊರಗೆ ಬರುವುದಕ್ಕೂ ಚಿತ್ತಮ್ಮನಿಗೆ ನೋವು ಶುರುವಾಗಿದೆ ಎಂದು ಕೂಗುತ್ತಾ ಈರಮ್ಮ ಮನೆಯೊಳಗಿನಿಂದ ಬರುವುದಕ್ಕೂ ಸರಿಹೋಯಿತು. ಕರಿಯಣ್ಣ ಬಸ್ಸಿನ ಮೇಲೆ ಹೋಗಿದ್ದ, ಮರುದಿನ ಬೆಳಿಗ್ಗೆಯೇ ಬರುವುದು.

ಈರಮ್ಮ ಸೊಸೆಯ ರಟ್ಟೆ ಹಿಡಿದು ಕೋಣೆಯ ಬಾಗಿಲಿಗೆ ಕರೆತಂದಳು. ಸುದ್ದಿ ಹರಡಿ ನಾಲ್ಕು ಜನ ಸೇರಿದ್ದರು, ಯಜಮಾನರೂ ಬಂದಿದ್ದರು. ಅವರ ಕಣ್ಣು ಬಾಗಿಲ ಮೇಲೆ ನಿಂತಿತು. ಒಣಗಿದ ಮಾವಿನೆಲೆ ಹಾಗೇ ಇತ್ತು, ಅರಿಶಿನ ಕುಂಕುಮವೂ ಅಳಿಸಿರಲಿಲ್ಲ. ಅವರು ಕೈ ಅಡ್ಡ ಮಾಡಲಿಲ್ಲ, ದನಿ ಏರಿಸಲಿಲ್ಲ. ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದರು.

"ಈರಮ್ಮ, ಇದಕ್ಕೆ ಹಾಲುಕ್ಕಿಸಿದ್ವಲ್ಲೇ. ನಾನೇ ಪಾಯಸ ಉಂಡೀನಿ."

ಅಷ್ಟೇ ಮಾತು. ಹಾಲು ಉಕ್ಕಿದ ಮೇಲೆ ಅದು ಗೋಡೆ ಚಪ್ಪಡಿಯಲ್ಲ, ಮನೆ. ಮನೆಯಲ್ಲಿ ಹೆರುವ ಹಾಗಿಲ್ಲ. ಈರಮ್ಮನ ಮುಖ ಆಗ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಆಕೆ ಸೊಸೆಯ ಕೈ ಬಿಟ್ಟು ಮಾವಿನೆಲೆ ಕಿತ್ತೆಸೆದಳು. ಸೆರಗನ್ನು ಮಳೆನೀರಿನಲ್ಲಿ ಅದ್ದಿ ಚೌಕಟ್ಟಿನ ಅರಿಶಿನವನ್ನು ಉಜ್ಜತೊಡಗಿದಳು. ಮರದೊಳಗೆ ಇಳಿದಿದ್ದ ಅರಿಶಿನ ಎಲ್ಲಿ ಹೋಗುತ್ತದೆ. ನಾನು ಸುಮ್ಮನಿರಲಾರದೆ ಯಜಮಾನರ ಮುಂದೆ ಹೋಗಿ ಬೇಡಿಕೊಂಡೆ. ಈ ಒಂದು ಸಲಕ್ಕೆ ಹಾಲು ಉಕ್ಕಿಸಿದ್ದನ್ನು ಇಲ್ಲ ಎಂದುಕೊಳ್ಳಿ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಕಾಗ್ದದಾಗೆ ತಪ್ಪಿದ್ರೆ ಒರೆಸ್ತೀರಿ ಸ್ವಾಮಿ. ಇದನ್ನ ಎಂಗೆ ಒರೆಸಾದು ನೀವೇ ಹೇಳ್ರಿ."

ಮುದುಕ ಹಟ ಮಾಡುತ್ತಿದ್ದರೆ ಬೈದು ಹೋಗಬಹುದಿತ್ತು. ಅವರು ನಿಜವಾಗಿಯೂ ದಾರಿ ಹುಡುಕುತ್ತಿದ್ದರು, ಅವರಿಗೆ ದಾರಿ ಕಾಣುತ್ತಿರಲಿಲ್ಲ. ಹುಣಸೆಮರದ ಆಚೆಯ ಗುಡ್ಲಿಗೇ ಕರೆದುಕೊಂಡು ಹೋಗಿ ಎಂದು ಯಾರೋ ಹೇಳಿದರು. ಅಲ್ಲಿ ಮೊಣಕಾಲು ಮುಳುಗುವ ನೀರು ನಿಂತಿದೆ ಎಂದು ಇನ್ನೊಬ್ಬರು. ಈ ಮಾತಿನ ನಡುವೆ ಚಿತ್ತಮ್ಮನನ್ನು ಎಲ್ಲರೂ ಮರೆತಿದ್ದರು. ಆಕೆ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಮನೆಗೂ ಕೋಣೆಗೂ ನಡುವಿನ ಆ ಸಂದಿಗೆ ಹೋಗಿ ನಿಂತಿದ್ದಳು. ಒಂದು ಕೈ ಈ ಗೋಡೆಗೆ, ಒಂದು ಕೈ ಆ ಗೋಡೆಗೆ. ಅಷ್ಟು ಅಗಲವೂ ಅದಿರಲಿಲ್ಲ, ಮೊಣಕೈ ಮಡಚಿಯೇ ಇತ್ತು. ಅಲ್ಲಿಂದ ಆಕೆ ಯಜಮಾನರನ್ನು ಕೇಳಿದಳು.

"ಮಾವಾ, ಇದು ಹೊರಗೆ ತಾನೆ?"

ಆಕೆಯ ದನಿ ಅಷ್ಟು ಗಟ್ಟಿಯಾಗಿ ನಾನು ಕೇಳಿದ್ದು ಅದೇ ಮೊದಲು. ಯಜಮಾನರು ಮಳೆಯಲ್ಲಿ ನಿಂತೇ ಯೋಚಿಸಿದರು. ಹೌದು, ಇದು ಹೊರಗೆ ಎಂದರು. ಚಿತ್ತಮ್ಮ ಅಲ್ಲೇ ಕೂತುಬಿಟ್ಟಳು. ಆಮೇಲೆ ಯಾರು ಏನು ಹೇಳಿದರೂ ಏಳಲಿಲ್ಲ.

ಈರಮ್ಮ ಹುಲ್ಲು ಹಾಸಿ ಆಕೆಯ ಜೊತೆಗೆ ಸಂದಿಯೊಳಗೆ ಇಳಿದಳು. ಹೆಂಗಸರು ಎರಡು ತುದಿಗೂ ಸೀರೆ ಅಡ್ಡ ಹಿಡಿದರು. ಮೇಲೆ ಮಾತ್ರ ಬಯಲು, ಎರಡು ಮಾಳಿಗೆಯ ನಡುವೆ ಮಳೆ ನೆಟ್ಟಗೆ ಒಳಗೆ ಬೀಳುತ್ತಿತ್ತು. ನಾನು ಕೋಣೆಯ ಮಾಳಿಗೆ ಹತ್ತಿದೆ. ಮಿಕ್ಕಿದ್ದ ಒಂದು ಚಪ್ಪಡಿ ಅಲ್ಲೇ ಬಿದ್ದಿತ್ತು, ಎರಡು ಗೋಡೆಗೂ ಸೇರಿಸಿ ಅದನ್ನು ಹಾಸಿದರೆ ಕೆಲಸ ಮುಗಿಯುತ್ತಿತ್ತು. ಎತ್ತಲು ಬಗ್ಗಿದವನನ್ನು ಕೆಳಗಿನಿಂದ ಯಜಮಾನರು ತಡೆದರು. ಎರಡು ಗೋಡೆಗೂ ಕೂಡುವ ಹಾಗೆ ಏನು ಹಾಸಿದರೂ ಎರಡೂ ಒಂದೇ ಮನೆಯಾಗುತ್ತವೆ. ಆಗ ಆಕೆ ಕೂತಿರುವ ಜಾಗವೂ ಒಳಗಾಗುತ್ತದೆ.

ಹಾಗೆ ಹೇಳಿದವರೇ ತಮ್ಮ ಕಂಬಳಿಯನ್ನು ಹೆಗಲಿನಿಂದ ತೆಗೆದು, ಆ ವಯಸ್ಸಿನಲ್ಲಿ, ಮನೆಯ ಮಾಳಿಗೆಯ ಏಣಿ ಹತ್ತಿದರು. ಎರಡು ತುದಿಯನ್ನು ನನ್ನ ಕಡೆ ಎಸೆದರು. ಮೇಸ್ತ್ರಿ ಇಲ್ಲದ್ದರಿಂದ ಪಕ್ಕದ ಮನೆಯವನೊಬ್ಬ ನನ್ನ ಜೊತೆಗೆ, ಆ ಕಡೆ ಯಜಮಾನರ ಜೊತೆಗೆ ಇನ್ನೊಬ್ಬ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಸಂದಿನ ಮೇಲೆ ಕಂಬಳಿಯನ್ನು ಕೈಯಲ್ಲೇ ಬಿಗಿದು ನಿಂತೆವು. ಎಲ್ಲೂ ಗೋಡೆಗೆ ತಾಗುವ ಹಾಗಿಲ್ಲ. ಕಂಬಳಿಯ ಹೊಟ್ಟೆಯಲ್ಲಿ ನೀರು ತುಂಬಿ ಭಾರವಾದಾಗ ಒಟ್ಟಿಗೆ ಒಂದು ಕಡೆ ಎತ್ತಿ ಚೆಲ್ಲುತ್ತಿದ್ದೆವು. ಕೆಳಗಿನ ನರಳಾಟ ಎಲ್ಲ ಕೇಳುತ್ತಿತ್ತು. ಸಾಹೇಬರ ಪೆನ್ಸಿಲ್ಲು ಗುರುತಿಸಿದ, ಮನೆಯ ಕಡೆಯ ಕಿಟಕಿಯಿಂದ ನೆರೆಯ ಹೆಂಗಸು ಬಿಸಿನೀರು ಇಳಿಸುತ್ತಿದ್ದಳು. ಯಜಮಾನರ ತೋಳು ನಡುಗುವುದು ನನಗೆ ಕಾಣುತ್ತಿತ್ತು. ಬೇರೆಯವರಿಗೆ ಕೊಡಿ ಎಂದರೆ ಕೇಳಲಿಲ್ಲ. ನನ್ನ ಕಾಲ ಕೆಳಗೆ, ನಾನೇ ನೀರು ಸುರಿದು ಪರೀಕ್ಷೆ ಮಾಡಿದ ಚಪ್ಪಡಿ. ಅದರ ಅಡಿಯಲ್ಲಿ ಒಣಗಿದ, ಬೆಚ್ಚಗಿನ, ಯಾರೂ ಇಲ್ಲದ ಕೋಣೆ.

ಹೊತ್ತು ಮುಳುಗುವ ಮುಂಚೆ ಮಗು ಅತ್ತಿತು. ಹೆಣ್ಣು ಎಂದು ಕೆಳಗಿನಿಂದ ಈರಮ್ಮ ಹೇಳಿದಳು. ಯಜಮಾನರು ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳಿದರು. ಆ ಹೊತ್ತಿನಲ್ಲಿ ಈ ಮಗು ಉಳಿಯುತ್ತದೆ ಎಂದು ನಾವು ನಾಲ್ಕೂ ಜನ ನಂಬಿದ್ದೆವು.

ಮಳೆ ನಿಂತ ಮೇಲೆ ಕಂಬಳಿ ಇಳಿಸಿದೆವು. ಇಳಿಸದೆ ಏನು ಮಾಡುವುದು. ಒಂದು ಸಂಜೆ ಹಿಡಿಯಬಹುದು, ಬಾಣಂತಿತನ ಮುಗಿಯುವವರೆಗೆ ಯಾರು ಹಿಡಿಯುತ್ತಾರೆ. ಕುರಿ ಬಂದಿದ್ದವು, ಒಲೆಗಳು ಹೊತ್ತಬೇಕಾಗಿತ್ತು, ಜನ ಒಬ್ಬೊಬ್ಬರೇ ಸರಿದರು. ಆ ರಾತ್ರಿ ಚಿತ್ತಮ್ಮ ಮಗುವಿನೊಂದಿಗೆ ಸಂದಿನಲ್ಲೇ ಕಳೆದಳು, ನಾನು ಪಕ್ಕದ ಮನೆಯಲ್ಲಿ ಉಳಿದೆ. ಹುಣಸೆಮರದ ಆಚೆ ನೀರು ಇಳಿದ ಕಡೆ ಗುಡ್ಲಿಗೆ ಹೊಸ ಗರಿ ಹೊದಿಸಿ, ತಾಯಿ ಮಗುವನ್ನು ಬೆಳಿಗ್ಗೆ ಅಲ್ಲಿಗೆ ಕರೆದೊಯ್ದರು. ಯಜಮಾನರು ತಮ್ಮ ಕಂಬಳಿಯನ್ನು ಆಕೆಗೆ ಕೊಟ್ಟು ಬರಿ ಹೆಗಲಲ್ಲಿ ಮನೆಗೆ ಹೋದರು.

ನಾನು ಬಸ್ಸಿಗೆ ಕಾಯುತ್ತಿದ್ದಾಗ ಬಂದ ಬಸ್ಸಿನ ಬಾಗಿಲಲ್ಲಿ ಕರಿಯಣ್ಣನೇ ನಿಂತಿದ್ದ. ನನ್ನ ಮುಖ ನೋಡಿ, ಏನಾಯ್ತು ಸಾರ್ ಎಂದ. ಮಗು ಹುಟ್ಟಿದೆ, ಹೆಣ್ಣು, ಎರಡೂ ಜೀವ ಚೆನ್ನಾಗಿವೆ ಎಂದೆ. ಎಲ್ಲಿ ಎಂದು ಕೇಳಿದ. ಹೇಳಿದೆ. ಅವನು ಕೊರಳಿನಿಂದ ಟಿಕೆಟ್ಟಿನ ಚೀಲ ತೆಗೆದು ಡ್ರೈವರಿನ ತೊಡೆಯ ಮೇಲೆ ಎಸೆದು ಜಾಲಿಗಿಡಗಳ ನಡುವೆ ಓಡಿದ.

ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಅವನು ಹಟ ಮಾಡಿದನಂತೆ. ಮೈಲಿಗೆಯಲ್ಲಿ ಹಟ್ಟಿ ಬಿಟ್ಟು ಹೋದರೆ ದೇವರು ಬಿಡುವುದಿಲ್ಲ ಎಂದು ಹೆದರಿದ್ದು ಚಿತ್ತಮ್ಮನೇ. ಎರಡು ಕಳೆದುಕೊಂಡವಳು, ಮೂರನೆಯದಕ್ಕೆ ಯಾವ ಕೇಡೂ ತಾಗದಿರಲಿ ಎಂದು ಕಟ್ಟಳೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮಳೆ ಮತ್ತೆ ಹಿಡಿಯಿತು. ಮಗುವಿಗೆ ಎದೆ ಕಟ್ಟಿತು. ಆ ತಿಂಗಳು ಕಳೆಯುವ ಮುಂಚೆ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕರಿಯಣ್ಣ, ಅದೂ ಹೋಯ್ತು ಸಾರ್ ಎಂದ. ಹೇಳಿ, ರೈಟ್ ಎಂದು ಕೂಗಿ, ಹೊರಟ ಬಸ್ಸನ್ನು ಹತ್ತಿದ.

ಆಫೀಸಿನಲ್ಲಿ ಸಾಹೇಬರಿಗೆ ಹೇಳಿದೆ. ಅವರು ಆ ಕೋಣೆಯ ನಕ್ಷೆಯನ್ನು ಹುಡುಕಿ ತೆಗೆದು ಮೇಜಿನ ಮೇಲೆ ಹರಡಿದರು. ನಕ್ಷೆ ಸರಿಯಾಗಿತ್ತಲ್ಲ ಎಂದರು. ಸರಿಯಾಗಿತ್ತು ಎಂದೆ. ಆಮೇಲೆ ಅವರು ಆ ದಿನ ಯಾರನ್ನೂ ಬೈಯಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ. ಯಜಮಾನರ ಮೇಲೆ ಹೊರಿಸಲು ಹೋದರೆ ಆ ನಡುಗುವ ತೋಳು ಕಣ್ಣಿಗೆ ಕಟ್ಟುತ್ತದೆ. ಈರಮ್ಮನ ಮೇಲೆ ಹೊರಿಸುವುದಕ್ಕೆ ಆಕೆ ಮಾಡಿದ್ದಾದರೂ ಏನು, ಆಸೆಯಿಂದ ಹಾಲು ಉಕ್ಕಿಸಿದ್ದು. ಹೊರಿಸಲು ಯಾರೂ ಸಿಗದ ಸಿಟ್ಟು ಬಹಳ ಕೆಟ್ಟದ್ದು, ಅದು ಕರಗುವುದೇ ಇಲ್ಲ.

ಈಚೆಗೆ ಆ ಕಡೆಯ ಹುಡುಗಿಯರು ಆಸ್ಪತ್ರೆಯಲ್ಲೇ ಹೆರುತ್ತಾರೆ ಎಂದು ಕೇಳಿದ್ದೇನೆ. ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ. ಗೋಡೆ, ಗಾರೆ, ಚಪ್ಪಡಿ ಎಲ್ಲ ಕಲಿಯಿರಿ. ಆದರೆ ಆ ಜಾಗಕ್ಕೆ ಏನೆಂದು ಹೆಸರು ಎಂಬುದನ್ನು ಅಲ್ಲಿ ಬದುಕುವವರು ತೀರ್ಮಾನಿಸುತ್ತಾರೆ. ಕೆಲವೊಮ್ಮೆ ಅವರಿಗೇ ಗೊತ್ತಿಲ್ಲದೆ ತೀರ್ಮಾನಿಸಿರುತ್ತಾರೆ.

ಆ ವರ್ಷ ಶೇಂಗಾ ಒಕ್ಕಣೆ ಮುಗಿದು ಬೇಸಿಗೆ ಬಂದ ಮೇಲೆ, ಪಕ್ಕದ ಊರಿನ ಬೇರೆ ಕೆಲಸಕ್ಕೆ ಹೋದವನು ಮನಸ್ಸು ತಡೆಯದೆ ಹಟ್ಟಿಗೆ ಹೋದೆ. ಕರಿಯಣ್ಣ ಬಸ್ಸಿನ ಮೇಲೆ ಹೋಗಿದ್ದ, ಈರಮ್ಮ ಹೊಲದಲ್ಲಿದ್ದಳು. ಚಿತ್ತಮ್ಮ ನನ್ನನ್ನು ಗುರುತು ಹಿಡಿದು ಕೂರಲು ಹೇಳಿ ನೀರು ಕೊಟ್ಟಳು. ಏನು ಮಾತಾಡಬೇಕೋ ತಿಳಿಯದೆ ಕೋಣೆ ಹೇಗಿದೆ ಎಂದು ಕೇಳಿಬಿಟ್ಟೆ. ಬೇರೇನಾದರೂ ಕೇಳಬಹುದಿತ್ತು. ಆಕೆ ಎದ್ದು ಹೋಗಿ ಬಾಗಿಲು ತೆರೆದು ತೋರಿಸಿದಳು. ಒಳಗೆ ಗೋಡೆಯುದ್ದಕ್ಕೂ ಬೀಜಕ್ಕೆ ಎತ್ತಿಟ್ಟ ಶೇಂಗಾ ಚೀಲಗಳು. ಒಂದರ ಬಾಯಿ ಬಿಚ್ಚಿ, ಒಂದು ಬೊಗಸೆ ತೆಗೆದು, ಮೂಸಿ ನೋಡಿ ನನ್ನ ಮುಂದೆ ಹಿಡಿದಳು.

"ನಿಮ್ಮ ಕೆಲ್ಸ ಬಲು ಪಸಂದಾಗೈತೆ ಸ್ವಾಮಿ. ಅಷ್ಟು ಮಳಿ ಬಂತು, ಒಂದು ಕಾಳೂ ಬೂಸ್ಲು ಹಿಡಿದಿಲ್ಲ ನೋಡ್ರಿ."

ಆಕೆಯ ಮಾತಿನಲ್ಲಿ ಚುಚ್ಚು ಇರಲಿಲ್ಲ. ನನ್ನನ್ನು ಹೊಗಳಲೆಂದೇ ಹೇಳಿದ್ದಳು. ನಾನು ಎರಡೂ ಕೈ ಒಡ್ಡಿ ಶೇಂಗಾ ತೆಗೆದುಕೊಂಡೆ. ಆಕೆ ನೋಡುತ್ತಾ ನಿಂತಿದ್ದಳು. ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು.